ಹಾಲು ನಿಲ್ಲಿಸಿದ ಮನೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಯಾರಾದರೂ ನನ್ನ ಮುಂದೆ ಆಡಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಪಾಪ, ಅವರಿಗೇನು ಗೊತ್ತು, ಮಾತಿಗೆ ಹೇಳಿರುತ್ತಾರೆ. ನನಗೆ ಮಾತ್ರ ಆ ಮಾತು ಕಿವಿಗೆ ಬಿದ್ದ ಕೂಡಲೇ ಪೀಣ್ಯದ ಅಕ್ಕನ ಮನೆ, ಅದರ ಹಿತ್ತಿಲಲ್ಲಿ ಕಟ್ಟಿದ್ದ ಸೀಮೆ ಹಸು, ಆಗಷ್ಟೇ ಎರಡು ವರ್ಷ ತುಂಬಿದ್ದ ನಮ್ಮ ಪಾಪು, ಎಲ್ಲ ಕಣ್ಣೆದುರಿಗೆ ಬಂದು ನಿಲ್ಲುತ್ತವೆ.

ತೊಂಬತ್ತರ ದಶಕದ ನಡುವಿನ ಮಾತು. ಪೀಣ್ಯದ ಒಂದು ಚಿಕ್ಕ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದೆ. ರಕ್ತ ತೆಗೆಯುವವಳೂ ನಾನೇ, ಪರೀಕ್ಷೆ ಮಾಡುವವಳೂ ನಾನೇ, ಸಂಜೆ ಗಾಜಿನ ಕೊಳವೆಗಳನ್ನು ತೊಳೆದಿಡುವವಳೂ ನಾನೇ. ಯಶವಂತಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅಕ್ಕನನ್ನು ಕೊಟ್ಟಿದ್ದು ಪೀಣ್ಯದ ಹಳೇ ಊರಿನ ಮನೆಗೆ. ಕಾರ್ಖಾನೆಗಳು ಬರುವುದಕ್ಕೆ ಮುಂಚಿನಿಂದ ಅಲ್ಲಿ ರಾಗಿ ಬೆಳೆದುಕೊಂಡಿದ್ದ ಜನ ಅವರು. ಹೊಲ ಹೋಗಿ, ಅದರ ಮೇಲೆ ಶೆಡ್ಡುಗಳೆದ್ದು, ಅಂಥದೇ ಒಂದು ಶೆಡ್ಡಿನಲ್ಲಿ ಭಾವ ಲೇತ್ ಮಿಷಿನ್ ಓಡಿಸುತ್ತಿದ್ದರು. ಅವರ ತಾಯಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು, ಹೊಲ ಬಿಟ್ಟರೂ ಹಸು ಬಿಡಲಿಲ್ಲ. ಕಾರ್ಖಾನೆಯ ಕಾಂಪೌಂಡಿನ ಪಕ್ಕದಲ್ಲಿ ಬೆಳೆದ ಹುಲ್ಲನ್ನೇ ಕೊಯ್ದು ತಂದು ಸಾಕುತ್ತಿದ್ದರು.

ಭಾವ ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವರನ್ನು ಬೈಯುತ್ತೇನೆ. ನನ್ನ ಬಾಯಿಗೆ ಬೀಗ ಇಲ್ಲ ಅಂತ ನಮ್ಮಮ್ಮನೇ ಹೇಳುತ್ತಿದ್ದಳು. ಆದರೆ ಭಾವನಿಗೆ ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಐಟಿಐ ಓದಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಡಿದ ಕೆಲಸವನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರಂತೆ. ಮಗಳೆಂದರೆ ಪ್ರಾಣ.

ಲೇತಿನಲ್ಲಿ ಕಬ್ಬಿಣ ಕಡೆಯುವಾಗ ಬಿಸಿಯೇರದಂತೆ ಮೇಲಿನಿಂದ ಕೂಲೆಂಟ್ ಬಿಡುತ್ತಾರೆ. ಅದೊಂದು ಬಗೆಯ ಎಣ್ಣೆ. ನೀರಿಗೆ ಬೆರೆಸಿದ ತಕ್ಷಣ ನೀರೆಲ್ಲ ಹಾಲಿನಂತೆ ಬೆಳ್ಳಗಾಗುತ್ತದೆ. ಭಾವ ಸಂಜೆ ಮನೆಗೆ ಬಂದರೆ ಅಂಗಿಯ ತುಂಬ ಅದರದೇ ಬಿಳಿ ಕಲೆ. ಪಾಪು ಓಡಿ ಬಂದು ಅವರ ಹೊಟ್ಟೆಯ ಮೇಲಿನ ಕಲೆಗೆ ಬೆರಳಿಟ್ಟು "ಅಪ್ಪಾ, ಆಲು!" ಅನ್ನುತ್ತಿದ್ದಳು.

"ಅಲ್ಲ ಕಣವ್ವಾ, ಇದು ಮಿಷಿನ್ನು ಕುಡಿಯೋ ಆಲು. ನಿಂದು ಅಜ್ಜಿ ತಾವ ಐತೆ ಓಗು" ಅಂತ ಅವರು ನಗುತ್ತಿದ್ದರು. ಅವಳು ಅಜ್ಜಿಯ ಹತ್ತಿರ ಓಡಿಹೋಗಿ, ಲೋಟ ತುಂಬ ಕುಡಿದು, ಬಿಳಿ ಮೀಸೆ ಹೊತ್ತುಕೊಂಡು ವಾಪಸು ಬರುತ್ತಿದ್ದಳು. ದಿನಾ ಸಂಜೆ ಇದೇ ಆಟ. ನೋಡುವವರಿಗೆ ಬೇಜಾರಾದರೂ ಅವರಿಬ್ಬರಿಗೆ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಪಾಪುವಿಗೆ ಅಮ್ಮ ಎದ್ದಿತು. ದಡಾರ. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ನಿಂತಿತು. ಅಮ್ಮ ಬಂದ ಮನೆಯಲ್ಲಿ ಎಣ್ಣೆ ಚುರ್ ಅನ್ನಬಾರದು, ಅನ್ನಿಸಿದರೆ ಅವಳು ಮುನಿಯುತ್ತಾಳೆ. ಮಗುವಿಗೆ ಬರೀ ಗಂಜಿ, ಎಳನೀರು. ಅಮ್ಮ ಇಳಿದು ಬೇವಿನ ನೀರೆರೆದದ್ದಾಯಿತು, ಬೆನ್ನಿಗೇ ಭೇದಿ ಹಿಡಿಯಿತು. ಭೇದಿಗೆ ಮತ್ತೆ ಪಥ್ಯ. ಲಂಘನಂ ಪರಮೌಷಧಂ ಅನ್ನುವುದು ಅಕ್ಷರ ಬಾರದ ಅಜ್ಜಿಗೂ ಬಾಯಿಪಾಠ. ಅಕ್ಕನೋ, ಮತ್ತೆ ಬಸುರಿ. ಎದೆಹಾಲು ಎಂದೋ ಬಿಡಿಸಿಯಾಗಿತ್ತು, ನೀರು ಕುಡಿದರೂ ವಾಂತಿ ಮಾಡಿಕೊಂಡು ಮೂಲೆಯಲ್ಲಿ ಮಲಗಿರುತ್ತಿದ್ದಳು. ಭೇದಿ ನಿಂತಿತು ಅನ್ನುವಷ್ಟರಲ್ಲಿ ಕೆಮ್ಮು, ಜ್ವರ. ನಾನು ನೋಡಲು ಹೋದಾಗ ಪಾಪುವಿನ ಕೈಯ ಕರಿಬಳೆ ಮೊಣಕೈ ದಾಟಿ ತೋಳಿನವರೆಗೆ ಜಾರುತ್ತಿತ್ತು. ನನ್ನನ್ನು ನೋಡಿದರೆ ಕುಣಿಯುತ್ತಿದ್ದ ಮಗು ಕಣ್ಣಷ್ಟೇ ಹೊರಳಿಸಿತು. ಅಂದೇ ಎತ್ತಿಕೊಂಡು ನಮ್ಮ ನರ್ಸಿಂಗ್ ಹೋಮಿಗೆ ಬಂದೆವು.

ಮಕ್ಕಳ ಡಾಕ್ಟರು ನೋಡಿ, ಎದೆಯಲ್ಲಿ ಸೋಂಕಾಗಿದೆ, ಜೊತೆಗೆ ಮಗು ಹಸಿದು ಹೋಗಿದೆ ಅಂದರು. ಇಂಜೆಕ್ಷನ್ ಬರೆದುಕೊಟ್ಟರು. ಹಾಲಿಗೆ ಸಕ್ಕರೆ ಹಾಕಿ, ಚೂರು ಕೊಬ್ಬರಿ ಎಣ್ಣೆ ಬೆರೆಸಿ, ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ ಕುಡಿಸಬೇಕು ಅಂದರು. ಲೋಟದಲ್ಲಿ ಕುಡಿಯುವ ಶಕ್ತಿ ಮಗುವಿಗೆ ಇರಲಿಲ್ಲ. ಅಜ್ಜಿ ಅಟ್ಟದಿಂದ ಅಕ್ಕನ ಬಾಣಂತನದ ಕಾಲದ, ಕೂಸಿಗೆ ಹಾಲು ಕುಡಿಸುವ ಒಳಲೆ ತೆಗೆದು ಹುಣಸೇಹಣ್ಣು ಹಾಕಿ ಬೆಳಗಿದರು. ಭಾವ ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯ ಮೂತಿಯಿಂದ ಒಂದೊಂದೇ ತೊಟ್ಟು ಬಿಡುತ್ತಿದ್ದರು. ಬೇರೆ ಯಾರಾದರೂ ಕುಡಿಸಲು ಕೂತರೆ "ನಿಧಾನ, ನಿಧಾನ, ನೆತ್ತಿಗತ್ತುತ್ತೆ" ಅಂತ ಪಕ್ಕದಲ್ಲೇ ನಿಂತು ಗದರುತ್ತಿದ್ದರು.

ಡಾಕ್ಟರಿಗೆ ತೋರಿಸಿದ ದಿನವೇ ನಾನು ಪಾಪುವಿನ ರಕ್ತ ತೆಗೆದಿದ್ದೆ. ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕುವುದೇ ಕಷ್ಟವಾಯಿತು. ಕೊಳವೆಯನ್ನು ಮಿಷಿನ್ನಿಗಿಟ್ಟು ತಿರುಗಿಸಿದರೆ ರಕ್ತದ ಕೆಂಪು ಕೆಳಗಿಳಿದು ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕು. ಪಾಪುವಿನದು ಬೆಳ್ಳಗಿತ್ತು. ಹಾಲು ಸುರಿದಂತೆ ಬೆಳ್ಳಗೆ. ಮದುವೆ ಊಟ ಮಾಡಿ ನೇರವಾಗಿ ಬಂದವರ ರಕ್ತ ಒಮ್ಮೊಮ್ಮೆ ಹಾಗೆ ಬರುವುದನ್ನು ನೋಡಿದ್ದೆ. ಇವಳೇನು ತಿಂದಿದ್ದಳು? ಅಕ್ಕನನ್ನು ಕೇಳಿದೆ. "ಏನೂ ಇಲ್ಲ ಕಣೇ, ನೆನ್ನೆ ಸಾಯಂಕಾಲ ಒಂದು ಗುಟುಕು ಗಂಜಿ ಕುಡಿದಿದ್ದೇ ಕಡೆ" ಅಂದಳು. ಹಸಿದ ಹೊಟ್ಟೆಯ ಮಗುವಿನ ರಕ್ತದಲ್ಲಿ ಇಷ್ಟು ಕೊಬ್ಬು ಎಲ್ಲಿಂದ ಬಂತು? ಡಾಕ್ಟರಿಗೆ ತೋರಿಸಿದೆ. ಕೊಬ್ಬಿನ ಪರೀಕ್ಷೆಯನ್ನೂ ಮಾಡಿಬಿಡು ಅಂದರು. ಕೊಲೆಸ್ಟ್ರಾಲ್ ತೀರಾ ಕೆಳಗೆ, ಟ್ರೈಗ್ಲಿಸರೈಡ್ ಮಾತ್ರ ಎಲ್ಲೋ ಮೇಲೆ.

ಭಾವ ರಿಪೋರ್ಟಿಗೆ ಅಂತ ಅಂದು ಮಧ್ಯಾಹ್ನ ಕೆಲಸದ ಬಟ್ಟೆಯಲ್ಲೇ ಬಂದರು. ನಾನು ಡಾಕ್ಟರ ಕೋಣೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅವರು ಲ್ಯಾಬಿನ ಕಿಟಕಿಗೆ ಮುಖವಿಟ್ಟು ಒಳಗಿನ ಸ್ಟ್ಯಾಂಡನ್ನೇ ನೋಡುತ್ತಿದ್ದರು.

"ಆ ಬೆಳ್ಳಗಿರೋದು ಯಾರ್ದಮ್ಮ?"

"ಪಾಪುದೇ ಭಾವ. ಜ್ವರದಲ್ಲಿ ಹಿಂಗಾಗುತ್ತಂತೆ, ಬನ್ನಿ, ಡಾಕ್ಟ್ರೇ ಹೇಳ್ತಾರೆ."

ಅವರು ಅಲ್ಲಾಡಲಿಲ್ಲ. ತಮ್ಮ ಅಂಗಿಯ ಬಿಳಿ ಕಲೆಯನ್ನೊಮ್ಮೆ ನೋಡಿಕೊಂಡರು, ಕೊಳವೆಯನ್ನೊಮ್ಮೆ ನೋಡಿದರು. "ನೀರ್ಗೆ ಎಣ್ಣೆ ಬಿದ್ರೆ ಇಂಗೇಯಾ ಆಗೋದು" ಅಂದರು. ನನಗಲ್ಲ, ತಮ್ಮಷ್ಟಕ್ಕೆ.

ಡಾಕ್ಟರು ಅವರನ್ನು ಕೂರಿಸಿಕೊಂಡು ಚೆನ್ನಾಗಿಯೇ ಹೇಳಿದರು. ಅದರಲ್ಲಿ ನಾನು ಲೋಪ ಹುಡುಕಲಾರೆ. "ನೋಡಿ, ಇದು ಎಣ್ಣೆ, ಹಾಲು ಕುಡಿದು ಬಂದಿದ್ದಲ್ಲ. ಒಲೆಗೆ ಸೌದೆ ಇಲ್ದಿದ್ರೆ ಮನೆ ತೊಲೆನೇ ಕಿತ್ತು ಒಲೆಗೆ ಹಾಕ್ತಾರಲ್ಲ, ಹಂಗೆ ಆಗ್ತಿದೆ. ಊಟ ಇಲ್ಲ ಅಂತ ಮೈ ತನ್ನಲ್ಲಿರೋ ಕೊಬ್ಬನ್ನೇ ಕರಗಿಸಿ ರಕ್ತಕ್ಕೆ ಬಿಡ್ತಿದೆ. ಸೋಂಕು ಇದೆಯಲ್ಲ, ಅದು ಆ ಕೊಬ್ಬನ್ನ ಬಳಸೋಕೂ ಬಿಡ್ತಿಲ್ಲ, ಹಂಗಾಗಿ ರಕ್ತದಲ್ಲೇ ನಿಂತಿದೆ. ಸೋಂಕು ಹೋಗ್ಲಿ, ಹೊಟ್ಟೆಗೆ ಬೀಳ್ಲಿ, ತಾನಾಗೇ ತಿಳಿ ಆಗುತ್ತೆ. ಹಾಲು, ಎಣ್ಣೆ ಮಾತ್ರ ನಿಲ್ಲಿಸ್ಬೇಡಿ."

"ಸರಿ ಸಾರ್" ಅಂದರು ಭಾವ. ಎರಡು ಸಲ ಅಂದರು.

ಮಾತು ಕಿವಿಯಲ್ಲಿತ್ತು, ಕಣ್ಣಲ್ಲಿ ಆ ಕೊಳವೆ ಇತ್ತು. ಹನ್ನೆರಡು ವರ್ಷ ಎಣ್ಣೆಯನ್ನು ನೀರಿಗೆ ಬೆರೆಸಿದ ಮನುಷ್ಯ. ಕೂಲೆಂಟ್ ಗಟ್ಟಿಯಾದರೆ ಮಿಷಿನ್ನಿಗೆ ಜಿಡ್ಡು ಹಿಡಿಯುತ್ತದೆ, ಆಗ ಎಣ್ಣೆ ನಿಲ್ಲಿಸಿ ಬರೀ ನೀರು ಬಿಟ್ಟು ತಿಳಿ ಮಾಡಬೇಕು. ಇದು ಅವರ ಕೈಗೆ ಗೊತ್ತಿದ್ದ ವಿದ್ಯೆ. ಡಾಕ್ಟರ ಮಾತು ಹೊರಗಿನದು, ಇದು ಮೈಗೆ ಅಂಟಿದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ದೊಡ್ಡವರು. ಅಯ್ಯೋ, ತಾನೇ ಕಣ್ಣಾರೆ ಕಂಡ ಮೇಲೆ, ಅದೂ ಹೆತ್ತ ಮಗಳ ರಕ್ತವನ್ನು ಕಂಡ ಮೇಲೆ, ಯಾವ ಅಪ್ಪ ಪ್ರಮಾಣಿಸುತ್ತಾ ಕೂರುತ್ತಾನೆ?

ಇಂಜೆಕ್ಷನ್ ಮಾತ್ರ ಭಾವ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು, ನಾನು ರಕ್ತ ತೆಗೆಯುವ ಗಡಿಬಿಡಿಯಲ್ಲೇ ಅವಳ ತಲೆ ಸವರಿ ಕಳಿಸುತ್ತಿದ್ದೆ. ಜ್ವರ ಇಳಿಯಿತು. ಇಂಜೆಕ್ಷನ್ ಮುಗಿದವು. ಆಮೇಲೊಂದು ಸಂಜೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ಮುಖ ಅರಳಿತ್ತು.

"ಪಾಪು ಹೆಂಗಿದಾಳೆ ಭಾವ?"

"ಮೈ ತುಂಬ್ಕೊತಾವ್ಳೆ ಕಣಮ್ಮ. ಕೆನ್ನೆ ಬಂದವೆ, ಕಾಲೂ ಗುಂಡ್ಗಾಗವೆ. ಭಾನ್ವಾರ ಬಾ, ನೋಡೀವಂತೆ."

ಎಷ್ಟು ಸಂತೋಷವಾಯಿತೆಂದರೆ, ಕೋಣೆಗೆ ಹೋದವಳೇ ಕಡಲೆಕಾಯಿ ಬೀಜ, ಹುರಿಗಡಲೆ ಹುರಿದು, ರಾಗಿಹಿಟ್ಟಿನ ಜೊತೆ ಪುಡಿ ಮಾಡಿ ಡಬ್ಬಿ ತುಂಬಿದೆ. ಭಾನುವಾರ ಬೆಳಿಗ್ಗೆ ಡಬ್ಬಿ ಹಿಡಿದು ಹೊರಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೂ, ನನ್ನ ಅಕ್ಕನ ಮಗಳಿಗೆ ಅಂತ ಕೇಳದೆಯೇ ಹೇಳಿದೆ.

ಪಾಪು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಕೆನ್ನೆ ತುಂಬಿದ್ದು ನಿಜ. ಆದರೆ ಮೇಣದ ಹಾಗೆ ಹೊಳೆಯುತ್ತಿದ್ದವು. ಕೂದಲು ಕೆಂಚಗಾಗಿ ತಲೆದಿಂಬಿನ ಮೇಲೆ ಉದುರಿತ್ತು. ಪಾದ ಹಿಡಿದೆ, ತಣ್ಣಗಿತ್ತು. ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಒತ್ತಿದಲ್ಲಿ ಗುಳಿ ಬಿತ್ತು. ಮೇಲೇಳಲಿಲ್ಲ. ಅದು ಮೈ ಬಂದದ್ದಲ್ಲ, ಊತ, ಬರೀ ನೀರು.

"ಹಾಲು ಕೊಡ್ತಾ ಇದ್ದೀರಾ?" ಅಂದೆ.

ಅಕ್ಕ ಬಾಗಿಲ ಕಡೆ ನೋಡಿದಳು. ಒಳಲೆ ಚಾಪೆಯ ಪಕ್ಕದಲ್ಲೇ ಇತ್ತು. ಎತ್ತಿ ನೋಡಿದೆ, ಗಂಜಿಯ ತಿಳಿ. ಆ ಗಂಜಿಯನ್ನೂ ಬಸಿದು, ಮೇಲೆ ಮತ್ತೆ ನೀರು ಬೆರೆಸಿದ್ದರು. ಡಾಕ್ಟರು ಹೇಳಿದ ಕೊಬ್ಬರಿ ಎಣ್ಣೆಯ ಸೀಸೆ ಗೂಡಿನಲ್ಲಿ ಮುಚ್ಚಳ ಕೂಡ ತೆಗೆಯದೆ ಕೂತಿತ್ತು. ಹಿತ್ತಿಲಲ್ಲಿ ಹಸು. ಅದರ ಹಾಲು ಬೀದಿಯ ಎಲ್ಲ ಮನೆಗೂ ಹೋಗುತ್ತಿತ್ತು, ಈ ಮನೆಯ ಮಗುವಿಗೊಂದು ಬಿಟ್ಟು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. "ಅಮ್ಮ ಬಂದಾಗ ನಾನೇ ಬ್ಯಾಡ ಅಂದಿದ್ದೆ ಕಣವ್ವ. ಆಮ್ಯಾಕೆ ಕೊಡಾನ ಅಂದ್ರೆ ಇವ್ನು ಬಿಡ್ನಿಲ್ಲ. ಒಸಿ ತುಪ್ಪ ಬೆರಳಾಗ್ ತಕ್ಕಂಡು ಕೂಸಿನ ತುಟಿಗೆ ಸವರ್ದೆ. ನೆಕ್ಕಂತು ಕಣವ್ವ, ಕಣ್ ಬುಟ್ಕಂಡ್ ನೆಕ್ಕಂತು. ಅದ್ನೂ ಬಟ್ಟೆ ತಗಂಡ್ ಒರೆಸ್ಬುಟ್ಟ."

ನನಗೆ ತಲೆ ಕೆಟ್ಟುಹೋಯಿತು. ಭಾವ ಹಿತ್ತಿಲಿನಿಂದ ಬಂದರು, ಅವರನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವರು, ಒಂದನ್ನೂ ನೋಡಲಿಲ್ಲ. "ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ರಲ್ಲ ಭಾವ! ಹಸು ಕಟ್ಕೊಂಡು ಮಗೂನ ಒಣಗಿಸಿಬಿಟ್ರಲ್ಲ! ಇದು ನಿಮ್ಮ ಮಿಷಿನ್ ಅಂದ್ಕೊಂಡ್ರಾ?"

ಅವರು ಇನ್ನೂ ನಂಬಿಕೆಯಿಂದಲೇ, ನನಗೇ ಪಾಠ ಹೇಳುವವರ ಹಾಗೆ, "ರಕ್ತದಾಗೆ ಅಷ್ಟೊಂದ್ ಎಣ್ಣೆ ಇಟ್ಕಂಡು ಮ್ಯಾಲೆ ಮತ್ತೆ ಎಣ್ಣೆ ಉಯ್ಯದಾ ಅಮ್ಮ? ಮೊದ್ಲು ತಿಳಿ ಆಗ್ಲಿ ಅಂತ. ಮಧ್ಯಾಹ್ನದ ಊಟದ ಬೆಲ್ಲಿಗೆ ನಾನೇ ಓಡಿಬಂದು ಕುಡಿಸ್ತಿದ್ದೆ, ಬೇಕಾದ್ರೆ ನಿಮ್ಮಕ್ಕನ್ನ ಕೇಳು. ಒಂದಿನ ತಪ್ಪಿಸಿಲ್ಲ" ಅಂದರು.

ಒಂದು ದಿನ ತಪ್ಪಿಸಿಲ್ಲ. ಮಗು ಅವರಿಗೆ ಬೇಡವಾಗಿದ್ದರೆ ಬೈದು ಮುಗಿಸಬಹುದಿತ್ತು.

ಆಟೋ ಹಿಡಿದು ಊರೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಭಾವ ಅವಳನ್ನು ಎದೆಗೊತ್ತಿಕೊಂಡಿದ್ದರು. ವಾರ್ಡಿನಲ್ಲಿ ಅಂಥ ಮಕ್ಕಳು ಇನ್ನೂ ಇದ್ದವು. ಅಲ್ಲಿನ ಡಾಕ್ಟರಮ್ಮ ಮೂಗಿನಲ್ಲಿ ಸಣ್ಣ ಕೊಳವೆ ಇಳಿಸಿ, ಹಾಲು ಸಕ್ಕರೆ ಎಣ್ಣೆ ಬೆರೆಸಿದ್ದನ್ನು ಹನಿಹನಿಯಾಗಿ ಬಿಡಲು ಶುರು ಮಾಡಿದರು. ಬೆಳ್ಳನೆಯ ಹನಿ ಇಳಿಯುವುದನ್ನು ಭಾವ ರೆಪ್ಪೆ ಬಡಿಯದೆ ನೋಡುತ್ತ ನಿಂತರು. ಆಮೇಲೆ ಡಾಕ್ಟರಮ್ಮನನ್ನು, "ಮೇಡಂ, ಎಣ್ಣೆ ಬ್ಯಾಡ ಅಂತ..." ಅಂದು ಅಲ್ಲಿಗೇ ತಡೆದರು.

ಆಕೆ ಕೆಲಸ ಬಿಡದೆ, "ಇದೇ ಅಪ್ಪ ಇವಳಿಗೆ ಔಷಧಿ. ಇದನ್ನ ಇವಳು ಎಂದೋ ಕುಡೀಬೇಕಿತ್ತು" ಅಂದರು. ಬೈಯಲಿಲ್ಲ, ದನಿ ಕೂಡ ಎತ್ತಲಿಲ್ಲ.

ಅಲ್ಲಿ, ಆ ಮಂಚದ ಪಕ್ಕದಲ್ಲಿ, ಭಾವನಿಗೆ ಅರ್ಥವಾಯಿತು. ಅರ್ಥವಾದದ್ದು ನನಗೆ ಕಾಣಿಸಿತು. ನಾನು ಅಷ್ಟು ಕಿರುಚಿದರೂ ಇಳಿಯದ್ದು ಆ ಒಂದು ಮಾತಿಗೆ ಇಳಿಯಿತು. ಗೋಡೆ ಹಿಡಿದು ಹೊರಗೆ ಹೋದವರು ಸಂಜೆಯವರೆಗೆ ಬರಲಿಲ್ಲ. ಬಂದಾಗ ಅಂಗಿ ಒದ್ದೆಯಾಗಿತ್ತು. ನಲ್ಲಿಯ ಕೆಳಗೆ ಕೂತು ಆ ಬಿಳಿ ಕಲೆಗಳನ್ನು ಉಜ್ಜಿದ್ದರು.

ಮರುದಿನ ಪಾಪು ಕಣ್ಣು ತೆರೆದು ಅವರನ್ನು ನೋಡಿದಳು. ಬೆರಳು ಚೂರು ಎತ್ತಿ "ಆಲು" ಅಂದಳು. ಅವರ ಅಂಗಿಯ ಮೇಲೆ ಏನೂ ಇರಲಿಲ್ಲ. ಅಭ್ಯಾಸದಿಂದ ಅಂದಳೋ, ಕೇಳಿದಳೋ, ದೇವರೇ ಬಲ್ಲ. ಡಾಕ್ಟರಮ್ಮ ವಾಸಿಯಾಗುತ್ತದೆ ಅಂದಿದ್ದರು, ನಾವೂ ಆಗುತ್ತದೆ ಅಂದುಕೊಂಡೆವು. ಅದಾದ ಮಾರನೆಯ ದಿನ ಮಧ್ಯಾಹ್ನ, ಅಜ್ಜಿ ತೊಡೆಯ ಮೇಲಿಟ್ಟುಕೊಂಡಿದ್ದ ಹಾಗೇ, ಪಾಪುವಿನ ಉಸಿರು ನಿಂತಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಕೂತ ಅಕ್ಕನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ಯಾರ ಮೇಲೆ ಅಂತ ಹೇಳಲಿ? ಅಜ್ಜಿಯ ಪಥ್ಯದ ಮೇಲೋ, ದಡಾರದ ಮೇಲೋ, ಭಾವನ ಮೇಲೋ? ಸೋಂಕಿಲ್ಲದಿದ್ದರೆ ಹಸಿವನ್ನು ತಡೆದುಕೊಳ್ಳುತ್ತಿತ್ತೇನೋ, ಹಸಿವಿಲ್ಲದಿದ್ದರೆ ಸೋಂಕನ್ನು ಗೆಲ್ಲುತ್ತಿತ್ತೇನೋ. ಎರಡೂ ಒಟ್ಟಿಗೆ ಬಂದು ಆ ಪುಟ್ಟ ಮೈಯನ್ನು ಒಳಗಿನಿಂದಲೇ ಕರಗಿಸಿದವು. ಕರಗಿದ್ದು ರಕ್ತದಲ್ಲಿ ತೇಲಿತು. ಅದನ್ನೇ ನೋಡಿ ನಾವು ಜಾಸ್ತಿಯಾಗಿದೆ ಅಂದುಕೊಂಡೆವಲ್ಲ, ಅದು ನನ್ನ ಎದೆ ಬಿಟ್ಟು ಹೋಗುವುದಿಲ್ಲ.

ಊರ ಸ್ಮಶಾನ ಆಗಲೇ ಎರಡು ಕಾರ್ಖಾನೆಗಳ ಗೋಡೆಗಳ ನಡುವೆ ಸಿಕ್ಕಿಕೊಂಡಿತ್ತು. ಅಲ್ಲೇ ಮಣ್ಣು ಮಾಡಿದರು. ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಹತ್ತಿರ ಹೋಗಿ ಹಾಲು-ತುಪ್ಪ ಬಿಡುವುದು ನಮ್ಮ ಕಡೆಯ ಪದ್ಧತಿ. ಹೋದವರ ಬಾಯಿ ಒಣಗದಿರಲಿ ಅಂತ. ಬಸುರಿ ಹೆಂಗಸು ಬರಬಾರದು ಅಂತ ಅಕ್ಕನನ್ನು ಮನೆಯಲ್ಲೇ ಬಿಟ್ಟರು, ಅವಳ ಬದಲು ನಾನು ಹೋದೆ. ಅಜ್ಜಿ ಆ ಬೆಳಿಗ್ಗೆ ಕರೆದ ಹಾಲನ್ನು ಚೊಂಬಿನಲ್ಲಿ ತಂದಿದ್ದರು. ಕಾಸಿದ ತುಪ್ಪವನ್ನು ಬಟ್ಟಲಲ್ಲಿ ತಂದಿದ್ದರು. ಆ ಗೋಡೆಯಾಚೆ ಮಿಷಿನ್ನುಗಳು ಎಂದಿನಂತೆ ಓಡುತ್ತಿದ್ದವು.

ಊರ ಹಿರಿಯರೊಬ್ಬರು, "ಅಪ್ಪ ಆದವ್ನು ಮೊದ್ಲು ಬಿಡಪ್ಪ" ಅಂದರು.

ಚೊಂಬು ಕೊಟ್ಟರೆ ಭಾವ ತೆಗೆದುಕೊಳ್ಳಲಿಲ್ಲ. ಜೇಬಿಗೆ ಕೈಹಾಕಿ ಒಳಲೆ ತೆಗೆದರು. ಮನೆಯಿಂದ ಯಾವಾಗ ತಂದಿದ್ದರೋ, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಹಾಲು ಬಗ್ಗಿಸಿಕೊಂಡು, ಬಟ್ಟಲಿನ ತುಪ್ಪವನ್ನೂ ಅದರ ಮೇಲೆ ಬಿಟ್ಟುಕೊಂಡು, ಮಂಡಿಯೂರಿ ಕೂತರು. ಎಡಗೈಯನ್ನು ಮಣ್ಣಿನ ಕೆಳಗೆ, ಮಗುವಿನ ತಲೆಗೆ ಆಸರೆ ಕೊಡುವ ಹಾಗೆ ಒತ್ತಿಟ್ಟರು. ಒಳಲೆಯ ಮೂತಿಯನ್ನು ತಗ್ಗಿಸಿ ಒಂದು ತೊಟ್ಟು ಬಿಟ್ಟರು. ಅದು ಇಂಗುವವರೆಗೆ ಕಾದರು. ಮತ್ತೊಂದು ತೊಟ್ಟು. ಬಿಸಿಲೇರುತ್ತಿತ್ತು. ಹಿಂದೆ ನಿಂತಿದ್ದ ಜನ ಕಾಲು ಬದಲಿಸತೊಡಗಿದರು.

"ಒಂದೇ ಸಲ ಬಿಟ್ಬುಡಪ್ಪ, ಒತ್ತಾಯ್ತದೆ" ಅಂದರು ಹಿರಿಯರು.

ಭಾವ ತಲೆ ಎತ್ತಲಿಲ್ಲ. "ಇರ್ರಿ ಅಣ್ಣ" ಅಂದರು. "ಕೂಸು ಐತೆ, ನೆತ್ತಿಗತ್ತುತ್ತೆ."